ಕರಡಿಗೆಯೊಳಗಿನ ಹಕ್ಕಿ

ಕರಡಿಗೆಯ ಮುಚ್ಚಳ ಜಗ್ಗಲಿಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು, ರೇವಣಸಿದ್ದಯ್ಯ, ಅದನ್ನು ಒಮ್ಮೆ ತಿರುವಿದರು, ಒಮ್ಮೆ ಎಳೆದರು, ಕೊನೆಗೆ ಹೆಬ್ಬೆರಳಿನ ಉಗುರನ್ನು ಸಂದಿಗೆ ಕೊಟ್ಟು ಮೀಟಿದರು. ಉಗುರು ಮುರಿಯಿತೇ ಹೊರತು ಲಿಂಗವಿಡುವ ಬೆಳ್ಳಿಯ ಆ ಪುಟ್ಟ ಡಬ್ಬಿ ಬಾಯಿ ಬಿಡಲಿಲ್ಲ.

"ಒಂಚೂರು ಕೊಬ್ಬರಿ ಎಣ್ಣೆ ಕೊಡ್ರಮ್ಮ," ಎಂದರು.

"ಕರಡಿಗೆ ಸಮೇತ ಅವ್ವನ ಕೈಲಿಟ್ಬಿಡಿ ಅಯ್ನೋರೆ," ಎಂದಳು ರಾಜೇಶ್ವರಿ. ಸತ್ತವಳಿಗೆ ಇದ್ದ ಒಬ್ಬಳೇ ಮಗಳು ಇವಳು. ತುಮಕೂರಿನಿಂದ ಬೆಳಗಿನ ಬಸ್ಸಿಗೆ ಬಂದವಳು ಇನ್ನೂ ಮುಖ ತೊಳೆದಿರಲಿಲ್ಲ.

"ಚೆನ್ನಾಗಿ ಹೇಳ್ದೆ ಬಿಡು! ಬೆಳ್ಳೀನ ಯಾರಾದ್ರೂ ಮಣ್ಣಿಗೆ ಹಾಕ್ತಾರೇನೆ?" ಸೋದರತ್ತೆ ಗುರುಶಾಂತಮ್ಮ ಎಣ್ಣೆ ಬಟ್ಟಲು ತರಲು ತಾನೇ ಎದ್ದಳು. ಬೆಳಗಿನಿಂದ ಎದ್ದ ಮೊದಲ ಸಲ ಅದು.

ನೀಲಗಂಗಮ್ಮನನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅವರು ಚಕ್ಕಳಮಕ್ಕಳ ಹಾಕಿ ಕೂತು, ಜೀವಮಾನವಿಡೀ ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದೇ ಮಣ್ಣಿಗೆ ಇಳಿಯಬೇಕು. ಬದುಕಿದ್ದಾಗ ಬಂದವರ ಎದುರು ಒಂದು ಗಳಿಗೆ ಕೂತವಳಲ್ಲ ಅವಳು. ಈಗ ಕೂರಿಸಿದರೆ ಮುಂದಕ್ಕೆ ವಾಲುತ್ತಿದ್ದಳು. ಅದಕ್ಕೇ ಎದೆಯ ಸುತ್ತ ಒಂದು ಹಳೇ ಪಂಚೆ ಸುತ್ತಿ ಕಿಟಕಿಯ ಸರಳಿಗೆ ಬಿಗಿದಿದ್ದರು. ಹಣೆಯ ವಿಭೂತಿಯ ಮೇಲೆ ನೊಣ ಓಡಾಡುತ್ತಿತ್ತು. ಓಡಿಸುವವರು ಯಾರೂ ಇರಲಿಲ್ಲ. ಬಂದ ಗಂಡಸರು ಅಂಗಳದಲ್ಲಿ ನಿಂತು, ಎಮರ್ಜೆನ್ಸಿ ಬಂದ ಮೇಲೆ ರಾಜಾಜಿನಗರದ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುತ್ತಿರುವ ಸೋಜಿಗವನ್ನು ಮಾತಾಡುತ್ತಿದ್ದರು. ಹೆಂಗಸರು ಪಕ್ಕದ ಮನೆಯಿಂದ ಬಂದ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಯಿತೆಂದು ಪಿಸುಗುಡುತ್ತಿದ್ದರು. ರಾಜೇಶ್ವರಿಗೆ ಎಲ್ಲರನ್ನೂ ಕಂಡು ಹೇಸಿಗೆಯಾಗುತ್ತಿತ್ತು. ಆದರೆ ಅದಕ್ಕಿಂತ ದೊಡ್ಡದಾಗಿ ಭಯ ಇತ್ತು. ಆ ಕರಡಿಗೆಯೊಳಗೆ ಏನಿದೆಯೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೇ.

ಎಣ್ಣೆ ಬಿತ್ತು. ಮುಚ್ಚಳ ಕರಕ್ಕೆಂದು ತೆರೆಯಿತು. ರೇವಣಸಿದ್ದಯ್ಯನವರು ಒಳಗಿನ ಬಟ್ಟೆಯ ಗಂಟನ್ನು ಎರಡು ಬೆರಳಿಂದ ಎತ್ತಿ ಬಿಚ್ಚಿದರು. ಅದರಿಂದ ಏನೋ ಜಾರಿ ಹೆಣದ ಮಡಿಲಿಗೆ ಬಿದ್ದು, ಅಲ್ಲಿಂದ ಬಿಲ್ವಪತ್ರೆಯ ತಟ್ಟೆಗೆ ಉರುಳಿತು.

ಒಂದು ಹಕ್ಕಿ. ನೇರಳೆ ಹಣ್ಣಿನ ಗಾತ್ರದ ಪಿಂಗಾಣಿ ಹಕ್ಕಿ. ಮಳೆಗೆ ಮುಂಚಿನ ಮೋಡದ ಬಣ್ಣ. ರೆಕ್ಕೆ ಮಡಿಸಿ, ಕತ್ತನ್ನು ಒಂದಿಷ್ಟು ಓರೆ ಮಾಡಿ ಅದು ತಟ್ಟೆಯಿಂದ ಅಯ್ಯನವರನ್ನು ನೋಡುತ್ತಿತ್ತು.

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅಯ್ಯನವರು ಕರಡಿಗೆಯನ್ನು ಬೋರಲು ಹಾಕಿ ತಟ್ಟಿದರು. ಬಟ್ಟೆಯನ್ನು ಕೊಡವಿದರು.

"ಲಿಂಗ ಎಲ್ಲಮ್ಮಾ?"

"ಅಯ್ಯೋ ಶಿವನೇ!" ಗುರುಶಾಂತಮ್ಮನ ದನಿ ಅಂಗಳದವರೆಗೆ ಹೋಯಿತು. "ಲಿಂಗ ಇಲ್ಲ! ಲಿಂಗ ಇರೋ ಜಾಗದಲ್ಲಿ ಗೊಂಬೆ ಕಟ್ಕೊಂಡಿದಾಳೆ ಮುಂಡೇದು! ಏಕಾಂತಣ್ಣಾ, ಬಾರೋ ಇಲ್ಲಿ, ನಿನ್ನ ಹೆಂಡ್ತಿ ಮಾಡಿರೋ ಕೆಲಸ ನೋಡು!"

ಏಕಾಂತಯ್ಯನವರು ಒಳಗೆ ಬಂದರು. ತಾಲ್ಲೂಕು ಆಫೀಸಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ದಿನಕ್ಕೆ ಮೂರು ಹೊತ್ತು ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಲಿಂಗ ಕಳಕೊಂಡವನು ಆ ಗಳಿಗೆಯೇ ಪ್ರಾಣ ಬಿಡಬೇಕು ಎಂದು ಮದುವೆ ಮನೆಗಳಲ್ಲೂ ಉಪದೇಶ ಮಾಡಿ, ಪಂಕ್ತಿಯಲ್ಲಿ ಕೂತವರ ಗಂಟಲಲ್ಲಿ ಹೋಳಿಗೆ ಸಿಕ್ಕಿಸುತ್ತಿದ್ದವರು. ಅವರು ಬಗ್ಗಿ ತಟ್ಟೆಯನ್ನು ನೋಡಿದರು. ಮುಟ್ಟಲಿಲ್ಲ.

"ಮೂಳೆ," ಎಂದರು.

"ಏನಂದ್ರಿ?" ಎಂದರು ಅಯ್ಯನವರು.

"ಪಿಂಗಾಣಿಗೆ ದನದ ಮೂಳೆ ಸುಟ್ಟು ಪುಡಿ ಮಾಡಿ ಹಾಕ್ತಾರೆ ಸ್ವಾಮಿ. ಲಿಂಗದ ಜಾಗದಲ್ಲಿ ಮೂಳೆ ಕಟ್ಕೊಂಡು, ಅದೇ ಕೈಲಿ ನನಗೆ ಅನ್ನ ಇಕ್ಕಿದಾಳೆ." ಅವರು ಸತ್ತವಳ ಮುಖವನ್ನು ನೋಡಲಿಲ್ಲ. "ಆ ಬಟ್ಟೆ ಬಿಚ್ಚಿ ಮಲಗಿಸ್ರಿ ಅವಳನ್ನ. ಭವಿಗೆ ಕೂರೋ ಯೋಗ್ಯತೆ ಇಲ್ಲ. ಹಂಗೇ ಮಲಗಿಸಿ ಮಣ್ಣು ಎಳೆದು ಬನ್ನಿ. ನಾನು ಬರಲ್ಲ."

ಭವಿ ಎಂದರೆ ಲಿಂಗವಿಲ್ಲದವಳು. ಆ ಮನೆಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇರಲಿಲ್ಲ. ಗುರುಶಾಂತಮ್ಮ ಕಸಬರಿಗೆಯ ತುದಿಯಿಂದ ಹಕ್ಕಿಯನ್ನು ತಟ್ಟೆಯಿಂದ ಮೂಲೆಗೆ ತಳ್ಳಿದಳು. ಖಾಲಿ ಕರಡಿಗೆಯನ್ನು ಮಾತ್ರ ಎಣ್ಣೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಮೂಡಲಪಾಳ್ಯದ ಮುನಿತಾಯಮ್ಮ ಬುಟ್ಟಿ ಹೊತ್ತುಕೊಂಡು "ಹಳೇ ಬಟ್ಟೆಗೆ ಪಾತ್ರೇಯ್" ಎಂದು ಕೂಗುತ್ತ ಬಂದರೆ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಹರಿದ ಸೀರೆ, ಗಂಡನ ಹಳೇ ಪ್ಯಾಂಟು ಕೊಟ್ಟು, ಗಂಟಲು ಹರಿಯುವಷ್ಟು ಜಗಳವಾಡಿ, ಎವರ್‌ಸಿಲ್ವರ್ ಲೋಟವನ್ನೋ ತಟ್ಟೆಯನ್ನೋ ಗೆದ್ದು ಒಳಗೆ ಒಯ್ಯುತ್ತಿದ್ದರು. ಬುಟ್ಟಿಯ ತಳದಲ್ಲಿ ಹುಲ್ಲಿನ ನಡುವೆ ಕೆಲವು ಪಿಂಗಾಣಿ ಗೊಂಬೆಗಳಿರುತ್ತಿದ್ದವು. ಪಾತ್ರೆಗೆ ಸಾಲದಷ್ಟು ಚಿಂದಿ ಕೊಟ್ಟವರ ಮಕ್ಕಳು ಅಳದಿರಲೆಂದು ಮುನಿತಾಯಮ್ಮ ಇಟ್ಟುಕೊಂಡಿದ್ದ ಸರಕು ಅದು. ನೀಲಗಂಗಮ್ಮನ ಕೈ ನೇರ ಅಲ್ಲಿಗೇ ಹೋಗುತ್ತಿತ್ತು.

"ಅಲ್ಲ ಕಣವ್ವಾ, ಈ ಅಂಚಿನ ಸೀರೆಗೆ ಎರಡು ಲೋಟ ಬತ್ತದೆ. ಆ ಬಾತುಕೋಳಿ ತಕಂಡು ಏನ್ ಮಾಡೀಯೆ?"

"ನೋಡ್ತೀನಿ."

"ನೋಡಿ?"

"ನೋಡ್ತೀನಿ ಅಷ್ಟೆ ಮುನಿತಾಯಮ್ಮ. ಲೋಟ ನೋಡಕ್ಕಾಗುತ್ತಾ?"

ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಶಿರಸ್ತೇದಾರರ ಹೆಂಡತಿಗೆ ತಲೆ ನೆಟ್ಟಗಿಲ್ಲ ಎಂದು ಅವರೆಲ್ಲ ಒಮ್ಮತಕ್ಕೆ ಬಂದಿದ್ದರು. ಆ ಬೀದಿಯಲ್ಲಿ ಒಮ್ಮತವಾದ ವಿಷಯ ಅದೊಂದೇ.

ನೀಲಗಂಗಮ್ಮ ನೋಡುವ ಬಗೆಯೇ ಬೇರೆ ಇತ್ತು. ಮಧ್ಯಾಹ್ನ ಗಂಡ ಆಫೀಸಿನಲ್ಲಿದ್ದಾಗ ಅವಳು ಕಿಟಕಿಯ ಬಳಿ ಕೂತು, ಗೊಂಬೆಯನ್ನು ಎಡ ಅಂಗೈಯ ಮೇಲಿಟ್ಟುಕೊಂಡು, ಬಲಗೈ ಬೆರಳಿನಿಂದ ಒಂದಿಷ್ಟೊಂದಿಷ್ಟೇ ತಿರುಗಿಸುವಳು. ಅವಸರ ಇರುತ್ತಿರಲಿಲ್ಲ. ಪಕ್ಕದಲ್ಲಿ ಶಾಲೆಯ ಪಾಠ ಓದುತ್ತ ಕೂತ ಮಗಳನ್ನು ಕರೆದು ಗೊಂಬೆಯನ್ನು ಬೋರಲು ಮಾಡಿ ತೋರಿಸುವಳು.

"ಇಲ್ಲಿ ಬೆರಳಿಡು. ಮೇಲೆಲ್ಲ ನುಣುಪು, ಅಡಿ ಮಾತ್ರ ತರಿತರಿ ಇಲ್ವಾ? ಭಟ್ಟಿಯೊಳಗೆ ಬೇಯುವಾಗ ಕೂತಿದ್ದ ಜಾಗ ಅದು. ಇಲ್ಲಿ ಬರೀ ಮಣ್ಣು. ಒಳಗೆ ತಾನು ಏನು ಅಂತ ಇಲ್ಲಿ ಹೇಳುತ್ತೆ."

"ಈ ಬಾತುಕೋಳಿ ಯಾಕವ್ವಾ ಹಿಂದೆ ನೋಡ್ತಾ ಇದೆ?"

"ಅದರ ಕಣ್ಣು ಬರೆಯೋ ಹೆಂಗಸನ್ನ ಯಾರೋ ಕರೆದಿರಬೇಕು. ತಿರುಗಿ ನೋಡಿದಾಳೆ, ಕುಂಚ ಸರಿದಿದೆ. ಬೇರೆ ಯಾವ ಬಾತುಕೋಳಿಗೂ ಈ ಕಣ್ಣು ಬರಲ್ಲ ನೋಡು."

ಇದನ್ನೆಲ್ಲ ಏಕಾಂತಯ್ಯನವರ ಮುಂದೆ ಹೇಳುವ ಹಾಗಿರಲಿಲ್ಲ. ಪಿಂಗಾಣಿಯ ಹೆಸರೆತ್ತಿದರೆ ಅವರಿಗೆ ಮೂಳೆಯ ನೆನಪು, ಮೂಳೆಯ ನೆನಪಾದರೆ ವಾಕರಿಕೆ. ಅಡುಗೆಮನೆಯಲ್ಲಿ ಸಾಲಾಗಿ ನಿಂತ ಉಪ್ಪಿನಕಾಯಿ ಜಾಡಿಗಳೂ ಪಿಂಗಾಣಿಯವೇ ಅಲ್ಲವೇ ಎಂದು ಕೇಳಬಾರದು. ಮಾವಿನ ಮಿಡಿಯ ಮುಂದೆ ಯಾವ ಶಾಸ್ತ್ರವೂ ನಿಲ್ಲುವುದಿಲ್ಲ. ಗೊಂಬೆಗಳು ನಡುಮನೆಯಲ್ಲಿ ಇರಕೂಡದು, ಅಡುಗೆಮನೆಯಲ್ಲಿ ಇರಕೂಡದು, ದೇವರ ಕೋಣೆಯ ನೇರಕ್ಕೆ ಇರಕೂಡದು ಎಂದು ಅವರು ಅಪ್ಪಣೆ ಮಾಡಿದ್ದರು. ಉಳಿದದ್ದು ಬಚ್ಚಲುಮನೆ. ಹಂಡೆ ಒಲೆಯ ಮೇಲಿನ ಗೂಡಿನಲ್ಲಿ ನೀಲಗಂಗಮ್ಮ ಅವನ್ನು ಜೋಡಿಸಿಟ್ಟಳು. ಬಾತುಕೋಳಿ, ಮಲಗಿದ ನಾಯಿ, ಬಾಲ ಮೋಟಾದ ಮೀನು, ಊದಲು ಬಾರದ ಕೊಳಲಿನ ಹುಡುಗ. ದಿನವೂ ಒಲೆಯ ಮಸಿ ಅವುಗಳ ಮೇಲೆ ಕೂರುತ್ತಿತ್ತು. ದಿನವೂ ಅವಳು ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸುತ್ತಿದ್ದಳು.

*

"ನೀವೇ ಹೇಳಿ ಅಯ್ನೋರೆ, ಕೂರಿಸಿ ಮಣ್ಣು ಮಾಡಕ್ಕೆ ಬರಲ್ವಾ?" ರಾಜೇಶ್ವರಿ ಕೈ ಮುಗಿದು ಕೇಳಿದಳು.

ರೇವಣಸಿದ್ದಯ್ಯನವರು ಕೆಟ್ಟವರಲ್ಲ, ಆದರೆ ಅವರಿಗೆ ಹೆದರಿಕೆ ಜಾಸ್ತಿ. "ನಾನು ಗುಂಡೀಲಿ ಅವರ ತಲೆ ಮೇಲೆ ಪಾದ ಇಡಬೇಕು ತಾಯಿ. ಕೈಲಿ ಲಿಂಗ ಇಲ್ದೆ ಹೆಂಗಿಡೋದು? ಹೊಸ ಲಿಂಗ ತಂದು ಕಟ್ಟೋಣ ಅಂದ್ರೆ ಜೀವ ಇಲ್ಲದ ಮೈಗೆ ದೀಕ್ಷೆ ಕೊಡಕ್ಕಾಗಲ್ಲ. ನಾಳೆ ಮಠದಲ್ಲಿ ನನ್ನ ಕೇಳ್ತಾರೆ."

"ಯಾರು ಹೇಳಬೇಕು ಮಠಕ್ಕೆ?"

"ಇವರೆಲ್ಲ ಇದಾರಲ್ಲಮ್ಮ," ಎಂದು ಅಯ್ಯನವರು ಸುತ್ತ ನೋಡಿದರು.

ನಿಜ, ಇವರೆಲ್ಲ ಇದ್ದರು. ಬಸ್ಸಿನ ಮಾತು ನಿಂತು ಗಂಡಸರೆಲ್ಲ ಬಾಗಿಲಿಗೆ ಬಂದಿದ್ದರು. ಉಪ್ಪು ಸಾಲದ ಉಪ್ಪಿಟ್ಟನ್ನು ಪೂರ್ತಿ ಮುಗಿಸಿದ ಹೆಂಗಸರು ಗೋಡೆಗೆ ಸರಿದು ಕೂತು, ನೀಲಗಂಗಮ್ಮನ ಹಳೆಯ ತಪ್ಪುಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದ್ದರು. ಅವಳು ಗಟ್ಟಿಯಾಗಿ ಮಂತ್ರ ಹೇಳಿದ್ದನ್ನು ತಾನು ಯಾವತ್ತೂ ಕೇಳಿಲ್ಲ ಎಂದಳು ಒಬ್ಬಳು. ತನಗೆ ಅವತ್ತೇ ಅನುಮಾನ ಇತ್ತು ಎಂದಳು ಇನ್ನೊಬ್ಬಳು. ಅವತ್ತು ಎಂದರೆ ಯಾವತ್ತು ಎಂದು ಯಾರೂ ಕೇಳಲಿಲ್ಲ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರೆ; ಈ ಮನೆಯಲ್ಲಿ ಆ ಹಾಲೂ ಹುಳಿಯಾಗಿತ್ತು. ಇಬ್ಬರು ಗಂಡಸರು ಕಿಟಕಿಯ ಸರಳಿಗೆ ಕಟ್ಟಿದ್ದ ಪಂಚೆಯ ಗಂಟಿಗೆ ಕೈ ಹಾಕಿದರು.

"ಯಾರೂ ಮುಟ್ಟಬೇಡಿ ನಮ್ಮವ್ವನ್ನ!" ಎಂದು ರಾಜೇಶ್ವರಿ ಕಿರುಚಿದಳು. ಅವರು ಕೈ ತೆಗೆದರು.

ಅಷ್ಟರಲ್ಲಿ ಬಚ್ಚಲುಮನೆಯಿಂದ ಏನೋ ಒಡೆದ ಸದ್ದು ಬಂತು. ಇನ್ನೊಂದು, ಮತ್ತೊಂದು. ರಾಜೇಶ್ವರಿ ಮೂಲೆಯಲ್ಲಿ ಬಿದ್ದಿದ್ದ ಹಕ್ಕಿಯನ್ನು ಹೆಕ್ಕಿಕೊಂಡು ಆ ಕಡೆ ಓಡಿದಳು.

ಏಕಾಂತಯ್ಯನವರು ಬಾಯಿ ಮುಕ್ಕಳಿಸಲು ಹೋದವರು ಸೌದೆ ಒಲೆಯಿಂದ ಒಂದು ಕೊಳ್ಳಿ ಎಳೆದುಕೊಂಡು ಗೂಡನ್ನು ಗೋರುತ್ತಿದ್ದರು. ನಾಯಿ ಎರಡಾಗಿತ್ತು. ಕೊಳಲಿನ ಹುಡುಗನ ತಲೆ ಬಚ್ಚಲ ತೂಬಿನ ಬಳಿ, ಅವರು ಕಾರಿದ ನೀರಿನಲ್ಲಿ ಬಿದ್ದಿತ್ತು. ಮಗಳನ್ನು ಕಂಡರೂ ಅವರ ಕೈ ನಿಲ್ಲಲಿಲ್ಲ.

"ಥೂ! ಇಷ್ಟು ವರ್ಷ ಈ ಹೊಲಸಿನ ಕೆಳಗೆ ಸ್ನಾನ ಮಾಡಿದೀನಿ. ಥೂ!"

ಯಾರಿಗೂ ಹೇಳುವುದಿಲ್ಲ ಎಂದು ರಾಜೇಶ್ವರಿ ಅವ್ವನ ಕೈ ಹಿಡಿದು ಮಾತು ಕೊಟ್ಟಿದ್ದಳು. ಆಡಿದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಅವ್ವ ಹೇಳಿದ್ದಳು. ಆಡದಿದ್ದರೆ ಅವ್ವನನ್ನು ಬಿಚ್ಚಿ, ಮಲಗಿಸಿ, ಗುಂಡಿಗೆ ತಳ್ಳಿ ಬರುತ್ತಾರೆ.

*

ಆಗ ರಾಜೇಶ್ವರಿಗೆ ಇನ್ನೂ ಲಂಗ ಉಡುವ ವಯಸ್ಸು. ರಾಜಾಜಿನಗರದ ಹಳೇ ಬಾಡಿಗೆ ಮನೆ. ಅಪ್ಪನಿಗೆ ವಿಷಮಶೀತ ಜ್ವರ ಬಂದು ಸನ್ನಿ ಏರಿತ್ತು. ಹೊರಗೆ ಜಡಿಮಳೆ. ಎದೆಯ ಮೇಲೆ ಯಾರೋ ಕೆಂಡ ಇಟ್ಟಿದ್ದಾರೆ ಎಂದು ಅಪ್ಪ ಅರಚುತ್ತಿದ್ದ. ಅವ್ವ ಅಡುಗೆಮನೆಯಿಂದ ಬರುವಷ್ಟರಲ್ಲಿ ಕೊರಳಿನ ಶಿವದಾರವನ್ನು ಹರಿದು, ಕರಡಿಗೆ ಬಿಚ್ಚಿ, ಒಳಗಿದ್ದುದನ್ನು ಕಿಟಕಿಯಿಂದಾಚೆ ಬೀಸಿ ಒಗೆದಿದ್ದ. ಮೂಲೆಯಲ್ಲಿ ನಿಂತಿದ್ದ ಮಗಳು ನೋಡಿದಳು. ಕಿಟಕಿಯ ಹಿಂದೆ ಬೀದಿಯ ಮೋರಿ ತುಂಬಿ ಹರಿಯುತ್ತಿತ್ತು.

ಅವ್ವ ಸೆರಗು ಬಿಗಿದು ಮೋರಿಗೆ ಇಳಿದಳು. ಮೊಣಕೈವರೆಗೆ ಕೈ ಬಿಟ್ಟು, ಕಪ್ಪು ಕೊಚ್ಚೆಯನ್ನು ಬಾಚಿ ಬಾಚಿ ಜರಡಿಗೆ ಹಾಕಿ ಸೋಸಿದಳು. ಹೇಲು, ಹೆಣ್ಣುಮಕ್ಕಳ ಕೂದಲು, ಸತ್ತ ಇಲಿ. ಯಾರದೋ ಬಾಚಣಿಗೆ ಸಿಕ್ಕಿತು, ಲಿಂಗ ಸಿಗಲಿಲ್ಲ. ಕತ್ತಲಾದ ಮೇಲೆ ಎದ್ದು ಬಂದು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಮಿಂದಳು. ಆಮೇಲೆ ತನ್ನ ಕರಡಿಗೆಯನ್ನು ಬಿಚ್ಚಿ, ತನ್ನ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಗಂಡನ ಕರಡಿಗೆಯಲ್ಲಿಟ್ಟು, ಹೊಸ ದಾರ ಪೋಣಿಸಿ ಅವನ ಕೊರಳಿಗೆ ಕಟ್ಟಿದಳು.

"ಅಪ್ಪಾಜಿಗೆ ಹೇಳಬೇಡ ಕಣೇ. ಲಿಂಗ ಹೋದರೆ ಪ್ರಾಣ ಬಿಡ್ತೀನಿ ಅಂತ ಸಾವಿರ ಸಲ ಅಂದಿದಾರೆ. ಮಾಡೇ ಮಾಡ್ತಾರೆ. ನನ್ನ ಕೈ ಹಿಡಿದು ಹೇಳು."

"ನೀನು ಏನು ಕಟ್ಕೋತೀಯವ್ವಾ? ಅಯ್ನೋರ ಹತ್ರ ಹೊಸದು ಕೇಳು."

"ಹಳೇದು ಏನಾಯ್ತು ಅಂತ ಕೇಳ್ತಾರೆ. ಕೇಳಿದ್ದು ಊರಿಗೆಲ್ಲ ಗೊತ್ತಾಗುತ್ತೆ. ಬಿಡು, ಕರಡಿಗೆ ಮುಚ್ಚಿರುತ್ತೆ."

ಅಪ್ಪ ಎದ್ದು ಕೂತ ದಿನ, ಲಿಂಗದ ಮೇಲಿನ ಕಪ್ಪು ಲೇಪ, ಕಂತಿ, ಬಿರುಕು ಬಿಟ್ಟಿತ್ತು, ಹೊಸದು ಕಟ್ಟಿಸಿದೆ ಎಂದು ಅವ್ವ ಹೇಳಿದಳು. ಅವನು ಹೂಂ ಎಂದು ಪೂಜೆಗೆ ಕೂತ. ಅವಳ ಕರಡಿಗೆ ಎಷ್ಟೋ ಕಾಲ ಖಾಲಿಯೇ ಇತ್ತು. ಆಮೇಲೊಂದು ಮಧ್ಯಾಹ್ನ ಮುನಿತಾಯಮ್ಮನ ಬುಟ್ಟಿಯ ಹುಲ್ಲಿನಲ್ಲಿ ಆ ಮೋಡದ ಬಣ್ಣದ ಹಕ್ಕಿ ಸಿಕ್ಕಿತು. ಅವ್ವ ಅದನ್ನು ಅಂಗೈಯಲ್ಲಿಟ್ಟು ನೋಡಿದಳು, ಬೋರಲು ಮಾಡಿ ನೋಡಿದಳು. ಒಳಗೆ ಬಂದು ಕರಡಿಗೆಯಲ್ಲಿ ಕೂರಿಸಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಅಲ್ಲಿಂದಾಚೆ ದಿನವೂ ಗಂಡಹೆಂಡಿರು ಅಕ್ಕಪಕ್ಕದ ಮಣೆಗಳ ಮೇಲೆ ಪೂಜೆಗೆ ಕೂರುತ್ತಿದ್ದರು. ಅವನ ಅಂಗೈಯಲ್ಲಿ ಅವಳ ಲಿಂಗ. ಅವಳ ಅಂಗೈಯಲ್ಲಿ, ಸೆರಗಿನ ಮರೆಯಲ್ಲಿ, ಹಕ್ಕಿ. ಅವನು ಕಣ್ಣು ಮುಚ್ಚಿ, ಗಟ್ಟಿಯಾಗಿ, ಬೀದಿಗೆ ಕೇಳುವಂತೆ ಮಂತ್ರ ಹೇಳುತ್ತಿದ್ದ. ಅವಳು ಏನೂ ಹೇಳುತ್ತಿರಲಿಲ್ಲ. ರೆಪ್ಪೆ ಬಡಿಯದೆ ಅಂಗೈಯನ್ನು ನೋಡುತ್ತಿದ್ದಳು.

*

"ಅಪ್ಪಾಜಿ, ನಿಮ್ಮ ಕೊರಳಲ್ಲಿರೋದು ಅವ್ವನ ಲಿಂಗ."

ಕೊಳ್ಳಿ ಗೂಡಿನಲ್ಲೇ ನಿಂತಿತು.

"ಜ್ವರ ಬಂದಾಗ ಸನ್ನೀಲಿ ನಿಮ್ಮದನ್ನ ನೀವೇ ಕಿತ್ತು ಮೋರಿಗೆ ಎಸೆದ್ರಿ. ನಾನು ಕಣ್ಣಾರೆ ಕಂಡಿದೀನಿ. ಅವ್ವ ಮೋರಿಗಿಳಿದು ಹುಡುಕಿದ್ಲು. ಸಿಗಲಿಲ್ಲ. ತನ್ನದನ್ನ ಬಿಚ್ಚಿ ನಿಮಗೆ ಕಟ್ಟಿದ್ಲು. ನೀವು ಸಾಯಬಾರದು ಅಂತ."

ಇಷ್ಟು ವರ್ಷ ಇಬ್ಬರು ಹೆಂಗಸರು ಹೆದರಿ ಕಾದಿದ್ದ ಮಾತು ಆಡಿಹೋಗಿತ್ತು. ಇನ್ನು ಈ ಮುದುಕ ಕುಸಿಯುತ್ತಾನೆ ಎಂದು ಹಿಡಿಯಲು ಅವಳು ಒಂದು ಹೆಜ್ಜೆ ಮುಂದೆ ಬಂದಳು.

ಏಕಾಂತಯ್ಯನವರು ಕುಸಿಯಲಿಲ್ಲ. ಅವರ ಕೈ ತಾನಾಗಿ ಎದೆಗೆ ಹೋಗಿ ಅಂಗಿಯ ಮೇಲಿಂದಲೇ ಕರಡಿಗೆಯನ್ನು ಹಿಡಿಯಿತು. ಕೊಳ್ಳಿಯನ್ನು ಒಲೆಗೆ ವಾಪಸು ತುರುಕಿದರು. ಬಚ್ಚಲುಮನೆಯ ಬಾಗಿಲು ಹಾಕಿ ಚಿಲಕ ಇಟ್ಟರು.

"ಇದು ಇನ್ಯಾರಿಗೆ ಗೊತ್ತು?" ಎಂದರು.

ಅವರ ಬಾಯಿಂದ ಬಂದ ಮೊದಲ ಮಾತು ಅದು. ಸುಳ್ಳು ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ, ಹೆಂಡತಿಯ ಹೆಸರೆತ್ತಲಿಲ್ಲ. ರಾಜೇಶ್ವರಿ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು. ಈ ಮನುಷ್ಯನ ಪ್ರಾಣಕ್ಕೆ ಹೆದರಿ ಅವ್ವ ಬದುಕಿಡೀ ಕರಡಿಗೆ ಮುಚ್ಚಿಕೊಂಡು ಕೂತಿದ್ದಳು. ಈ ಪ್ರಾಣ ಹೋಗುವ ಪ್ರಾಣವೇ ಆಗಿರಲಿಲ್ಲ.

"ಯಾರಿಗೂ ಇಲ್ಲ," ಎಂದಳು.

"ಬಾಯಿ ಬಿಡಬೇಡ. ಮರ್ಯಾದೆ ಪ್ರಶ್ನೆ."

"ಯಾರ ಮರ್ಯಾದೆ ಅಪ್ಪಾಜಿ?"

ಅವರು ತೂಬಿನ ಬಳಿ ಬಿದ್ದಿದ್ದ ಚೂರುಗಳನ್ನು ಕಾಲಿನಿಂದ ಒಲೆಯ ಸಂದಿಗೆ ಸರಿಸುತ್ತಿದ್ದರು.

"ಅವ್ವನ್ನ ಕೂರಿಸಿ ಮಣ್ಣು ಮಾಡಬೇಕು," ಎಂದಳು ರಾಜೇಶ್ವರಿ. "ಅವಳ ಲಿಂಗ ಅವಳ ಕೈಗೆ ಬರಬೇಕು. ಇಲ್ಲದಿದ್ರೆ ಈಗಲೇ ನಡುಮನೇಲಿ ನಿಂತು ಎಲ್ಲಾ ಹೇಳ್ತೀನಿ."

ಏಕಾಂತಯ್ಯನವರು ಮುಖ ತೊಳೆದರು. ಒರೆಸಿಕೊಂಡು, ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು, ಹಣೆಗೆ ವಿಭೂತಿ ಎಳೆದರು. ಮೂರು ಎಳೆಯೂ ನೆಟ್ಟಗೆ ಬಂದವು. ಚಿಲಕ ತೆಗೆದು ಹೊರಗೆ ಹೋದರು.

ನಡುಮನೆಯಲ್ಲಿ ಹೆಣದ ಮುಂದೆ ನಿಂತು ಅವರು ಕೆಮ್ಮಿದರು. ಕಚೇರಿಯಲ್ಲಿ ಹುಕುಂ ಓದುವ ಮುಂಚೆ ಕೆಮ್ಮುತ್ತಿದ್ದ ಕೆಮ್ಮು.

"ಏನೇ ಆಗಲಿ, ನನ್ನ ಕೈ ಹಿಡಿದೋಳು. ಅವಳು ಮಾಡಿದ ಪಾಪ ನನ್ನ ಪಾಪ. ಭವಿಯಾಗಿ ಕಳಿಸಕ್ಕೆ ನನಗೆ ಮನಸ್ಸು ಬರ್ತಾ ಇಲ್ಲ ಸ್ವಾಮಿ. ನನ್ನ ಲಿಂಗವನ್ನೇ ಅವಳಿಗೆ ಕೊಡ್ತೀನಿ." ಹಾಗೆನ್ನುತ್ತ ಕೊರಳಿನ ಶಿವದಾರವನ್ನು ತಲೆಯ ಮೇಲಿಂದ ತೆಗೆದರು.

ಮರುಗಳಿಗೆ ಗುರುಶಾಂತಮ್ಮ ಗೋಳೋ ಎಂದು ಅತ್ತಳು. ಆ ದಿನ ಅವಳು ನಿಜವಾಗಿ ಅತ್ತದ್ದು ಆಗಲೇ, ಅದೂ ಅಣ್ಣನಿಗಾಗಿ.

"ಎಂಥಾ ಮಾತು! ಎಂಥಾ ಮಾತು ಆಡಿದ್ರಿ!" ರೇವಣಸಿದ್ದಯ್ಯನವರ ಕಣ್ಣಲ್ಲಿ ನೀರು ಬಂತು. "ಗಂಡನ ಲಿಂಗ ಹೆಂಡತಿಗೆ ಸಲ್ಲುತ್ತೆ, ಶಾಸ್ತ್ರದಲ್ಲಿ ದಾರಿ ಇದೆ. ನಿಮಗೆ ನಾಳೆ ಬೆಳಗ್ಗೆ ಮಠದಲ್ಲಿ ನಾನೇ ನಿಂತು ಹೊಸ ಲಿಂಗ ಕಟ್ಟಿಸ್ತೀನಿ. ಪ್ರಾಣಕ್ಕಿಂತ ಹೆಚ್ಚಿನದನ್ನ ಕೊಟ್ರಿ ನೀವು."

ಯಾವ ಶಾಸ್ತ್ರ ಎಂದು ಯಾರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತ ಗಂಡಸರು ಶರಣು ಶರಣು ಎಂದರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆ ರಾಜೇಶ್ವರಿಯ ನಾಲಗೆ ತುದಿಗೆ ಬಂದು ನಿಂತಿತು. ಆದರೆ ಅಯ್ಯನವರು ಆಗಲೇ ಅವ್ವನ ಎಡಗೈಯನ್ನು ಎತ್ತಿ, ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಿಂಗವನ್ನು ಅಂಗೈಗೆ ಇಡುತ್ತಿದ್ದರು. ಮನೆಯವಳು ಮನೆಗೆ ಬಂದ ಹಾಗೆ ಅದು ಅಲ್ಲಿ ಕೂತಿತು. ರಾಜೇಶ್ವರಿ ನಾಲಗೆಯನ್ನು ಕಚ್ಚಿ ಹಿಡಿದಳು. ಈಗ ಒಂದು ಮಾತು ಆಡಿದರೆ ಅದನ್ನು ಮತ್ತೆ ಕಿತ್ತುಕೊಳ್ಳುತ್ತಾರೆ.

*

ಬಿದಿರಿನ ವಿಮಾನದಲ್ಲಿ ಕೂರಿಸಿಕೊಂಡು ಮಾಗಡಿ ರಸ್ತೆಯ ಆಚೆಗಿನ ರುದ್ರಭೂಮಿಗೆ ಹೊತ್ತು ನಡೆದರು. ಜನರ ಬಾಯಲ್ಲಿ ಮನೆ ಬಿಡುವಾಗ ಏಕಾಂತಯ್ಯನವರು ಲಿಂಗವನ್ನು ಕೊಟ್ಟಿದ್ದರು, ಅಷ್ಟೆ. ರಸ್ತೆ ದಾಟುವಷ್ಟರಲ್ಲಿ, ಕೊಟ್ಟ ಮೇಲೆ ಪ್ರಾಣ ಬಿಡಲು ಹೊರಟವರನ್ನು ಅಯ್ಯನವರು ಕಾಲು ಹಿಡಿದು ತಡೆದಿದ್ದರು. ರುದ್ರಭೂಮಿಯ ಗೇಟಿನ ಹತ್ತಿರ, ಹೆಂಡತಿಗೆ ಲಿಂಗವಿಲ್ಲವೆಂದು ಅವರಿಗೆ ಮೊದಲಿಂದ ಗೊತ್ತಿದ್ದೂ ಮಾನ ಕಾಯಲು ಸುಮ್ಮನಿದ್ದರಂತೆ ಎಂದಾಗಿತ್ತು. ರಾಜೇಶ್ವರಿ ಎಲ್ಲವನ್ನೂ ಕೇಳಿಸಿಕೊಂಡು ನಡೆದಳು. ಎಡಗೈಯ ಮುಷ್ಟಿಯಲ್ಲಿ ಹಕ್ಕಿಯಿತ್ತು. ಅದರ ಅಡಿಯ ತರಿತರಿ ಅವಳ ಅಂಗೈಗೆ ಒತ್ತುತ್ತಿತ್ತು.

ಗುಂಪಿನ ಹಿಂದೆ, ದೂರ ಬಿಟ್ಟು ಮುನಿತಾಯಮ್ಮ ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ರಾಜೇಶ್ವರಿ ನಿಂತು ಅವಳನ್ನು ಜೊತೆಗೆ ಸೇರಿಸಿಕೊಂಡಳು.

"ಏನೇನೋ ಅಂತಾವ್ರೆ ಕಣವ್ವಾ ನಿಮ್ಮವ್ವನ್ನ," ಎಂದಳು ಮುನಿತಾಯಮ್ಮ ಮೂಗು ಒರೆಸಿಕೊಳ್ಳುತ್ತ. "ನಂಗದೆಲ್ಲ ತಿಳೀದು. ಅವ್ವ ನನ್ ಬುಟ್ಟಿ ನೋಡೋಳು. ಒತ್ತಾರೆಯಿಂದ ಬೈಗಿನಗಂಟ ಹೊತ್ಕಂಡು ತಿರುಗೋಳು ನಾನು, ನಾನೇ ಒಂದಿನ ಅದರೊಳಗೆ ಏನೈತೆ ಅಂತ ನೋಡ್ಲಿಲ್ಲ."

ಗುಂಡಿಯೊಳಗೆ ನೀಲಗಂಗಮ್ಮನನ್ನು ಪಶ್ಚಿಮದ ಮಣ್ಣಿಗೆ ಒರಗಿಸಿ ಕೂರಿಸಿದರು. ರೇವಣಸಿದ್ದಯ್ಯನವರು ಮಂತ್ರ ಹೇಳಿ ತಲೆಯ ಮೇಲೆ ಪಾದವಿಟ್ಟರು. ಲಿಂಗ ಹಿಡಿದ ಎಡಗೈಯನ್ನು ಬಿಳಿ ಬಟ್ಟೆಯಲ್ಲಿ ಎದೆಗೆ ಕಟ್ಟಿದರು. ಬಿಲ್ವಪತ್ರೆ, ವಿಭೂತಿ, ಉಪ್ಪು ಬಿದ್ದವು. ಮೊದಲ ಹಿಡಿ ಮಣ್ಣನ್ನು ಏಕಾಂತಯ್ಯನವರು ಹಾಕಿದರು. ಆಮೇಲೆ ಗುಂಡಿಯ ಅಂಚಿನಲ್ಲೇ, ಅದಕ್ಕೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಬರಿಗೊರಳಿನಲ್ಲಿ ನಿಂತರು.

ಯಾರು ಶುರು ಮಾಡಿದರೋ ಗೊತ್ತಿಲ್ಲ. ಮಣ್ಣು ಹಾಕಲು ಬಂದ ಒಬ್ಬ ಮುದುಕಿ ಹಿಡಿಮಣ್ಣನ್ನು ಅಲ್ಲೇ ಉದುರಿಸಿ ಬಗ್ಗಿ ಏಕಾಂತಯ್ಯನವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಗಂಡಸರು. ನೋಡನೋಡುತ್ತಿದ್ದಂತೆ ಸಾಲೇ ಆಯಿತು. ವಿಮಾನಕ್ಕೆ ಕಟ್ಟಿದ್ದ ಸೇವಂತಿಗೆ ಹಾರವೊಂದನ್ನು ಬಿಚ್ಚಿ ಯಾರೋ ಅವರ ಕೊರಳಿಗೆ ಹಾಕಿದರು. ಅವರು ಬೇಡ ಎನ್ನಲಿಲ್ಲ. ಒಬ್ಬೊಬ್ಬರು ಬಗ್ಗಿದಾಗಲೂ ಕಣ್ಣು ಮುಚ್ಚಿಯೇ ಬಲಗೈ ಎತ್ತಿ ಹರಸುತ್ತಿದ್ದರು. ಗುಂಡಿಗೆ ಮಣ್ಣು ಎಳೆಯುತ್ತಿದ್ದುದು ಸನಿಕೆಯ ಆಳೊಬ್ಬ, ಮತ್ತೆ ಆಚೆ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತ ಮುನಿತಾಯಮ್ಮ.

"ಏನೇ ಕಂಬದ ಹಾಗೆ ನಿಂತಿದೀಯ?" ಗುರುಶಾಂತಮ್ಮ ರಾಜೇಶ್ವರಿಯ ಬೆನ್ನಿಗೆ ತಿವಿದಳು. "ಊರೋರೆಲ್ಲ ಮುಟ್ತಾ ಇದಾರೆ, ಹೆತ್ತ ಮಗಳು ನೀನು. ಹೋಗು, ಅಪ್ಪನ ಪಾದ ಮುಟ್ಟು."

ಸಾಲು ಸರಿದು ಅವಳಿಗೆ ದಾರಿ ಬಿಟ್ಟಿತು. ರಾಜೇಶ್ವರಿ ಮುಂದೆ ಹೋದಳು. ಎಡಗೈ ಮುಷ್ಟಿಯನ್ನು ಬಿಚ್ಚದೆ, ನಿಧಾನವಾಗಿ ಬಗ್ಗಿ ಬಲಗೈ ಚಾಚಿದಳು.

ಏಕಾಂತಯ್ಯನವರು ಕಣ್ಣು ತೆರೆದರು. ಹರಸಲು ಎತ್ತಿದ್ದ ಕೈ ಅರ್ಧಕ್ಕೇ ನಿಂತಿತು. ಅವಳ ಬೆರಳು ತಾಕುವ ಮುಂಚೆ ಅವರು ಪಾದವನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. ಹಿಮ್ಮಡಿ ಗುಂಡಿಯ ಅಂಚಿಗೆ ತಾಗಿ, ಹಸಿ ಮಣ್ಣಿನ ಒಂದು ಹೆಂಟೆ ಕಳಚಿ ಒಳಗೆ ಬಿತ್ತು.